ಸೇಫ್ಟಿ ಕಾರಿನ ಮಹಜರು

ಸೋಮವಾರ ಬೆಳಿಗ್ಗೆ ಅಂಗಡಿಯ ಷಟರ್ ಎತ್ತುವಾಗ ಈಗಲೂ ಒಂದು ಸಲ ಹಿಂದೆ ತಿರುಗಿ ನೋಡುತ್ತೇನೆ. ಏಳು ವರ್ಷ ಆ ಹೊತ್ತಿಗೆ ಅಲ್ಲಿ ಒಬ್ಬರು ನಿಂತಿರುತ್ತಿದ್ದರು. ಕಂಕುಳಲ್ಲಿ ಕಪ್ಪು ಕೊಡೆ, ಕೈಯಲ್ಲಿ ಹರಿದ ಕ್ಯಾಲೆಂಡರಿನ ಹಾಳೆ, ಮುಖದ ಮೇಲೆ ನಿನ್ನೆ ರೇಸಿನ ಸಿಟ್ಟು. ಅವರನ್ನು ಕಂಡರೆ ‘ಆಯ್ತು, ಇವತ್ತಿನ ಬೋಣಿ ಕೆಟ್ಟಿತು’ ಎಂದುಕೊಳ್ಳುತ್ತಿದ್ದೆ. ಅವರು ಬರುವುದು ನಿಂತು ಮೂರು ವರ್ಷವಾಯಿತು. ತೀರಿಕೊಂಡು ಒಂದು ತಿಂಗಳಾಯಿತು. ಆದರೂ ಕತ್ತು ತಿರುಗುತ್ತದೆ, ತಿರುಗಿದ್ದಕ್ಕೆ ನನಗೇ ರೇಗುತ್ತದೆ. ಇದ್ದಾಗಲೂ ಕಾಟ, ಹೋದಮೇಲೂ ಕಾಟ.

ನನ್ನದು ಕಡೂರಿನ ತಾಲ್ಲೂಕು ಕಚೇರಿ ಎದುರಿನ ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ. ಪಹಣಿ, ಜಾತಿ ಪ್ರಮಾಣಪತ್ರ, ಖಾತೆ ಬದಲಾವಣೆಯ ಅರ್ಜಿ, ಇವೇ ನನ್ನ ಅನ್ನ. ಅವರು ಸರ್ವೆ ಇಲಾಖೆಯಲ್ಲಿ ಮೂವತ್ತೈದು ವರ್ಷ ಜಮೀನು ಅಳೆದು ನಿವೃತ್ತರಾದವರು. ಊರಿಗೆಲ್ಲ ಸರ್ವೆ ಸಾರ್. ಅಂಥವರಿಗೆ ನಿವೃತ್ತಿಯಾದ ಮೇಲೆ ದೇವಸ್ಥಾನದ ಕಮಿಟಿಯೋ ಬೆಳಗಿನ ವಾಕಿಂಗೋ ಗಂಟುಬೀಳುವುದು ವಾಡಿಕೆ. ಇವರಿಗೆ ಗಂಟುಬಿದ್ದದ್ದು ಕಾರ್ ರೇಸು. ಸರ್ವೀಸಿನ ಕಡೆಯ ವರ್ಷ ಅಜ್ಜಂಪುರದ ಕಡೆ ಅಳತೆಯ ಕೆಲಸದ ಮೇಲಿದ್ದಾಗ ಉಳಿದುಕೊಂಡಿದ್ದ ರೂಮಿನ ಟೀವಿಯಲ್ಲಿ ಒಂದೇ ಚಾನೆಲ್ ಬರುತ್ತಿತ್ತಂತೆ, ಅದರಲ್ಲಿ ಬರೀ ಕಾರು ಓಡುತ್ತಿದ್ದವಂತೆ. ಹದಿನೈದು ದಿನ ಬೇರೆ ದಾರಿಯಿಲ್ಲದೆ ನೋಡಿದ್ದಾರೆ. ಹದಿನಾರನೇ ದಿನ ಬಿಡಲು ಆಗಲಿಲ್ಲ.

ರೇಸಿನ ಹುಚ್ಚು ನನಗೆ ಹೊಸದಲ್ಲ. ನನ್ನ ತಮ್ಮ ಮಂಜ ರಸ್ತೆಯ ಆಚೆ ಬದಿಗೆ ಬೈಕ್ ಗ್ಯಾರೇಜ್ ಇಟ್ಟಿದ್ದಾನೆ. ಅವನಿಗೆ ಟೀವಿ ರೇಸಿನ ಕೆಂಪು ಕಾರಿನ ತಂಡದವರೆಂದರೆ ಪ್ರಾಣ. ಅವರು ಗೆದ್ದ ದಿನ ಗಿರಾಕಿಗೆ ಚೈನಿಗೆ ಎಣ್ಣೆ ಪುಕ್ಕಟೆ, ಸೋತ ದಿನ ಮನೆಯಲ್ಲಿ ಯಾರೂ ಅವನನ್ನು ಮಾತಾಡಿಸುವಂತಿಲ್ಲ. ಆ ಹುಚ್ಚು ಅರ್ಥವಾಗುತ್ತದೆ. ಸರ್ವೆ ಸಾರ್ ಅವರದು ಅರ್ಥವಾಗುವ ಹುಚ್ಚಲ್ಲ. ಒಂದು ದಿನ ಕೇಳಿಯೇಬಿಟ್ಟೆ.

“ನಿಮ್ಮೋನು ಯಾರು ಸಾರ್, ಅಷ್ಟು ಜನ ಡ್ರೈವರ್‌ಗಳಲ್ಲಿ?”

“ನಂಗೆ ಯಾರೂ ಇಲ್ಲ ಕಣಮ್ಮ. ನಾನು ನೋಡೋದು ನಿಯಮ.”

ಇಪ್ಪತ್ತು ಜನ ಪ್ರಾಣ ಪಣಕ್ಕಿಟ್ಟು ಗಾಡಿ ಓಡಿಸುತ್ತಿದ್ದರೆ ಈ ಮನುಷ್ಯ ಗೆದ್ದವನನ್ನು ನೋಡುತ್ತಿರಲಿಲ್ಲ. ತಪ್ಪಿಗೆ ದಂಡ ಹಾಕುವ ಸ್ಟೀವರ್ಡ್ ಎಂಬ ತೀರ್ಪುಗಾರರು ಏನು ಮಾಡಿದರು ಎಂದಷ್ಟೇ ನೋಡುತ್ತಿದ್ದರು. ಯಾರಿಗೆ ಐದು ಸೆಕೆಂಡು ದಂಡ, ಯಾರಿಗೆ ಹತ್ತು, ಹೋದ ವರ್ಷ ಇದೇ ತಪ್ಪಿಗೆ ಇನ್ನೊಬ್ಬನಿಗೆ ಎಷ್ಟು, ಎಲ್ಲವೂ ಆ ಕ್ಯಾಲೆಂಡರ್ ಹಾಳೆಯ ಹಿಂದೆ ಮುತ್ತು ಪೋಣಿಸಿದಂಥ ಅಕ್ಷರದಲ್ಲಿ. ಸೋಮವಾರ ಅದನ್ನು ನನ್ನ ಮುಂದೆ ಹರಡಿ ತಕರಾರು ಅರ್ಜಿ ಟೈಪ್ ಮಾಡಿಸುತ್ತಿದ್ದರು. ‘ಮಾನ್ಯರೇ, ಸದರಿ ರೇಸಿನ ನಲವತ್ತೆರಡನೇ ಸುತ್ತಿನಲ್ಲಿ ತಾವು ನೀಡಿರುವ ದಂಡನೆಯು ಸಂಬಂಧಪಟ್ಟವರ ಹೇಳಿಕೆಯನ್ನು ಪಡೆಯದೆ ಏಕಪಕ್ಷೀಯವಾಗಿ ಮಾಡಿದ್ದಾಗಿರುತ್ತದೆ.’ ಹೊರಗೆ ಪಹಣಿಗೆ ಬಂದ ಜನ ಬಿಸಿಲಲ್ಲಿ ನಿಂತು ಗೊಣಗುತ್ತಿದ್ದರು. ನಾನು ಇಲ್ಲಿ, ಯಾವುದೋ ಸಮುದ್ರದಾಚೆಯ ಊರಿನವರಿಗೆ ಕನ್ನಡದಲ್ಲಿ ತಕರಾರು ಕುಟ್ಟುತ್ತಿದ್ದೆ.

“ಅವರಿಗೆ ಕನ್ನಡ ಬರಲ್ಲ ಸಾರ್,” ಎಂದರೆ, “ತರ್ಜುಮೆ ಮಾಡಿಸ್ಕೊಳ್ಳೋದು ಕಚೇರಿ ಜವಾಬ್ದಾರಿ,” ಎನ್ನುತ್ತಿದ್ದರು.

ನಾನು ಈಮೇಲಿನಲ್ಲಿ ಕಳಿಸುತ್ತಿದ್ದ ಈ ಅರ್ಜಿಗಳಿಗೆ ಒಂದೇ ಒಂದು ಸಲ ಉತ್ತರ ಬಂತು. ಇಂಗ್ಲಿಷಿನಲ್ಲಿ ಎರಡು ಸಾಲು, ನಿಮ್ಮ ಪತ್ರ ತಲುಪಿದೆ ಎಂದು, ಕಂಪ್ಯೂಟರು ತಾನಾಗಿ ಕಳಿಸುವಂಥದ್ದು. ಅದು ಮನುಷ್ಯರು ಬರೆದದ್ದಲ್ಲ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಸ್ವೀಕೃತಿ ಅಂದರೆ ಸ್ವೀಕೃತಿ. ಅದರ ಪ್ರಿಂಟು ತೆಗೆಸಿ, ನನ್ನ ಕೈಯಿಂದಲೇ ಲ್ಯಾಮಿನೇಷನ್ ಮಾಡಿಸಿಕೊಂಡು ಹೋದರು.

ಅರ್ಜಿಯಾದರೆ ಸಹಿಸಬಹುದಿತ್ತು. ತಡೆಯಲಾಗದಿದ್ದದ್ದು ಮಹಜರು. ಸರ್ವೆಯವರು ಜಾಗಕ್ಕೆ ಹೋಗಿ, ಕಣ್ಣಾರೆ ಕಂಡದ್ದನ್ನು ಬರೆದು, ಅಲ್ಲಿದ್ದ ಐದು ಜನರಿಂದ ಹೌದೆಂದು ಸಹಿ ಹಾಕಿಸುತ್ತಾರಲ್ಲ, ಆ ಮಹಜರು. ಸಹಿ ಹಾಕುವ ಐವರೇ ಪಂಚರು. ಟೀವಿಯ ರೇಸಿನಲ್ಲಿ ಅಪಘಾತವಾದರೆ ಇವರಿಗೆ ಮಹಜರಿಲ್ಲದೆ ಸಮಾಧಾನವಿಲ್ಲ. ಮೊಬೈಲಿನಲ್ಲಿ ಆ ತುಣುಕನ್ನು ಮೂರು ಸಲ ಹಿಂದೆ ಮುಂದೆ ಓಡಿಸಿ, ನಾನು, ಮಂಜ, ಪಕ್ಕದ ಟೀ ಅಂಗಡಿಯವನು, ಪಹಣಿಗೆಂದು ಬಂದ ಯಾರೋ ಇಬ್ಬರು, ಹೀಗೆ ಐವರನ್ನು ಒಟ್ಟುಮಾಡಿ ತೋರಿಸುತ್ತಿದ್ದರು. ಆಮೇಲೆ ನಾಲ್ಕು ದಿಕ್ಕಿನ ಎಲ್ಲೆ ಬರೆಸಬೇಕು. ನೆರಳು ಯಾವ ಕಡೆ ಬಿದ್ದಿದೆ ನೋಡಿ ಪೂರ್ವ ಯಾವುದು ಎಂದು ತೀರ್ಮಾನ ಮಾಡುತ್ತಿದ್ದರು. ‘ಸದರಿ ಕಾರು ಬಿದ್ದ ಸ್ಥಳಕ್ಕೆ ಪೂರ್ವಕ್ಕೆ ಟೈರುಗಳ ಗೋಡೆ, ಪಶ್ಚಿಮಕ್ಕೆ ಸಮುದ್ರ, ಉತ್ತರಕ್ಕೆ ದೊಡ್ಡ ಹೋಟೆಲು, ದಕ್ಷಿಣಕ್ಕೆ ರಸ್ತೆ.’ ಸಖರಾಯಪಟ್ಟಣದಿಂದ ತೆಂಗಿನ ತೋಟದ ಖಾತೆಗೆ ಬಂದಿದ್ದ ಒಬ್ಬ ಗೌಡರು ತಾವು ಜನ್ಮದಲ್ಲಿ ಕೇಳದ ದೇಶದ ಅಪಘಾತಕ್ಕೆ ಕನ್ನಡಕ ಹಾಕಿಕೊಂಡು, ಓದಿಸಿ ಕೇಳಿ, ಸಹಿ ಹಾಕಿ ಹೋಗಿದ್ದಾರೆ. “ನಂಗೇನೂ ಕೋರ್ಟು ಗೀರ್ಟು ಬರಲ್ಲ ತಾನೇ?” ಎಂದು ಬಸ್ ಹತ್ತುವ ಮುಂಚೆ ಬಂದು ಇನ್ನೊಮ್ಮೆ ಕೇಳಿದರು.

ನಿಯಮ ಟೀವಿಯೊಳಗೇ ಇದ್ದಿದ್ದರೆ ಚಿಂತೆಯಿರಲಿಲ್ಲ. ಟೀ ಅಂಗಡಿಯಲ್ಲಿ ತಮಗಿಂತ ಮೊದಲು ಬಂದವನಿಗೆ ಟೀ ಸಿಗುವವರೆಗೆ ತಮ್ಮ ಲೋಟಕ್ಕೆ ತುಟಿ ಹಚ್ಚುತ್ತಿರಲಿಲ್ಲ, ಆರಿ ತಣ್ಣಗಾದರೂ ಸರಿ. ಒಮ್ಮೆ ತಹಶೀಲ್ದಾರ್ ಸಾಹೇಬರ ಜವಾನ ಕ್ಯೂ ಮುರಿದು ನನ್ನ ಟೇಬಲ್ಲಿಗೆ ಫೈಲು ಎಸೆದ. ಇವರು ಕೊಡೆಯ ತುದಿಯಿಂದ ಫೈಲನ್ನು ಹಿಂದಕ್ಕೆ ತಳ್ಳಿ, ರೇಸಿನ ನಿಯಮವನ್ನೇ ತೆಗೆದು, “ತಗೊಂಡಿರೋ ಜಾಗ ಬಿಟ್ಕೊಟ್ಟು ಹಿಂದಕ್ಕೆ ಹೋಗಪ್ಪ. ತಾನಾಗಿ ಬಿಟ್ಕೊಟ್ರೆ ದಂಡ ಇಲ್ಲ,” ಎಂದರು. ಅವನು ನನ್ನ ಮೇಲೆ ಸೇಡು ಇಟ್ಟುಕೊಂಡು ಎರಡು ತಿಂಗಳು ಕಚೇರಿಯ ಕೆಲಸವೆಲ್ಲ ಪಕ್ಕದ ಅಂಗಡಿಗೆ ಕೊಟ್ಟ. ಇವರ ನಿಯಮ, ನನ್ನ ಹೊಟ್ಟೆಗೆ ಪೆಟ್ಟು. ನನಗೂ ಬಿಡುತ್ತಿರಲಿಲ್ಲ. ಹತ್ತು ಗಂಟೆಗೆ ಎಂದು ಬೋರ್ಡು ಬರೆಸಿ ಹತ್ತೂ ಐದಕ್ಕೆ ಬಾಗಿಲು ತೆಗೆದರೆ ಗಡಿಯಾರ ನೋಡಿ ‘ಐದು ನಿಮಿಷ’ ಎನ್ನುತ್ತಿದ್ದರು. ಬೈಗುಳವಲ್ಲ, ದಾಖಲೆ.

ಇನ್ನು ಸೇಫ್ಟಿ ಕಾರು. ರೇಸಿನ ನಡುವೆ ಯಾರಾದರೂ ಬಿದ್ದರೆ ತಲೆಯ ಮೇಲೆ ಲೈಟು ಮಿನುಗಿಸುತ್ತ ಒಂದು ಕಾರು ಎಲ್ಲರ ಮುಂದೆ ಬಂದು ಸೇರಿಕೊಳ್ಳುತ್ತದೆ. ಮಿಕ್ಕವರೆಲ್ಲ ಅದರ ಹಿಂದೆ ಸಾಲಾಗಿ ನಿಧಾನಕ್ಕೆ ಹೋಗಬೇಕು, ಒಬ್ಬರನ್ನೊಬ್ಬರು ದಾಟುವಂತಿಲ್ಲ. ದಾರಿ ಚೊಕ್ಕಟವಾದ ಮೇಲೆ ಅದು ಪಕ್ಕಕ್ಕೆ ಸರಿಯುತ್ತದೆ, ರೇಸು ಮತ್ತೆ ಶುರು. ಅಷ್ಟು ಹೊತ್ತು ಬೆವರು ಸುರಿಸಿ ಮುಂದೆ ಹೋದವನ ಅಂತರವೆಲ್ಲ ಸೊನ್ನೆ. ಹಿಂದಿದ್ದವನಿಗೆ ಲಾಟರಿ. ಜಗಳ ಹುಟ್ಟಲು ಇಷ್ಟು ಸಾಲದೇ?

ಮಂಜ ಮತ್ತು ಅವನ ಗೆಳೆಯರದೊಂದು ವಾಟ್ಸಾಪ್ ಗುಂಪಿತ್ತು. ಸೇಫ್ಟಿ ಕಾರು ಬಂತೆಂದರೆ ಅದರಲ್ಲಿ ಬೆಂಕಿ. ಕೆಂಪು ಕಾರಿಗೆ ಲಾಭವಾದರೆ ದೇವರಿದ್ದಾನೆ, ನಷ್ಟವಾದರೆ ತೀರ್ಪುಗಾರರು ಮಾರಿಕೊಂಡಿದ್ದಾರೆ. ಸರ್ವೆ ಸಾರ್ ಮಂಜನ ಗುಂಪಿಗೂ ತೀರ್ಪುಗಾರರಿಗೂ ಬೈಯುತ್ತಿದ್ದರು. ಒಂದು ಸಲ ಸೇಫ್ಟಿ ಕಾರಿನ ಹಿಂದಿದ್ದ ಕೆಲವರನ್ನು ಮಾತ್ರ ಮುಂದೆ ಬಿಟ್ಟು ಮಿಕ್ಕವರನ್ನು ತಡೆದರು ಎಂದು ಸಾರ್ ಅಂಗಡಿಯಲ್ಲಿ ನಿಂತು ಕೂಗಾಡಿದ್ದು ಇನ್ನೂ ನೆನಪಿದೆ. “ಐದು ಜನ ದಾಯಾದಿಗಳಲ್ಲಿ ಇಬ್ರಿಗೆ ನೋಟೀಸು ಕೊಟ್ಟು ಜಮೀನು ಭಾಗ ಮಾಡ್ದಂಗೆ ಇದು! ನನ್ ಸರ್ವೀಸಲ್ಲಿ ಹಂಗೆ ಮಾಡಿದ್ರೆ ಸಸ್ಪೆಂಡ್ ಮಾಡಿರೋರು!” ಇನ್ನೊಂದು ಸಲ ಕಡೆಯ ಸುತ್ತುಗಳು ಪೂರ್ತಿ ಸೇಫ್ಟಿ ಕಾರಿನ ಹಿಂದೆಯೇ ಮುಗಿದವು. ಆವತ್ತು, “ರೇಸು ಅಲ್ಲ ಕಣಯ್ಯ ಇದು, ಮೆರವಣಿಗೆ. ಮಾರ್ಕೊಂಡಿದಾರೆ,” ಎಂದು ಮಂಜನ ಎದುರೇ ಹೇಳಿದರು. ಮಂಜನಿಗೆ ಖುಷಿಯೋ ಖುಷಿ, ಸಾರ್ ಬಾಯಲ್ಲಿ ಆ ಮಾತು ಬಂತೆಂದು. ಈ ಮಾತು ಮರೆಯಬೇಡಿ, ಅವನೂ ಮರೆಯಲಿಲ್ಲ.

ಮೂರು ವರ್ಷದ ಹಿಂದೆ ಬುಕ್ಕಾಂಬುಧಿಗೆ ಹೋಗುವ ದಾರಿಯ ಒಂದು ಬಯಲಿನಲ್ಲಿ ಬೈಕ್ ಹುಚ್ಚಿನ ನಾಲ್ಕಾರು ಜನ ಸೇರಿ ಮಣ್ಣಿನ ರೇಸು ಇಟ್ಟುಕೊಂಡರು. ಹನ್ನೆರಡು ಸುತ್ತು. ಗೆದ್ದವನನ್ನು ಚಿಕ್ಕಮಗಳೂರು ಕಡೆಯ ಒಂದು ರ‍್ಯಾಲಿ ತಂಡದವರು ಕರೆಸಿಕೊಂಡು ಗಾಡಿ ಕೊಟ್ಟು ಪರೀಕ್ಷೆ ಮಾಡಿ ನೋಡುವುದಾಗಿ ಒಪ್ಪಿದ್ದರು. ಗೆದ್ದವನನ್ನು ಮಾತ್ರ. ಮಂಜನಿಗೆ ಆಗ ಮೂವತ್ತೊಂದು. ಇದೇ ಕಡೆಯ ಅವಕಾಶ ಎಂದು ಅವನಿಗೂ ಗೊತ್ತು, ನನಗೂ ಗೊತ್ತು. ಆರು ತಿಂಗಳು ಗಿರಾಕಿಗಳ ಗಾಡಿ ಬದಿಗಿಟ್ಟು ತನ್ನ ಗಾಡಿ ಕಟ್ಟಿದ.

ತೀರ್ಪು ಹೇಳಲು ಯಾರು ಎಂಬ ಮಾತು ಬಂದಾಗ ಸರ್ವೆ ಸಾರ್ ಹೆಸರು ಹೇಳಿದವನೂ ಮಂಜನೇ. “ಅವ್ರು ಅಪ್ಪ ಬಂದ್ರೂ ಬಿಡಲ್ಲ ಕಣ್ರೋ,” ಎಂದ. ಸಾರ್ ಮೂರು ಪುಟದ ನಿಯಮ ಬರೆದು ನನ್ನಲ್ಲಿ ಟೈಪ್ ಮಾಡಿಸಿದರು. ದಾರಿಯಲ್ಲಿ ಮನುಷ್ಯನಿರುವಷ್ಟು ಹೊತ್ತು ಸೇಫ್ಟಿ ಗಾಡಿ ಹೊರಗೆ ಹೋಗತಕ್ಕದ್ದಲ್ಲ. ಅದರ ಹಿಂದೆ ನಡೆದ ಸುತ್ತುಗಳೂ ಲೆಕ್ಕಕ್ಕೆ ಬರುತ್ತವೆ. ಆಂಬುಲೆನ್ಸ್ ಜಾಗದಲ್ಲೇ ನಿಂತಿರತಕ್ಕದ್ದು. ಸ್ಪರ್ಧಿಗಳಲ್ಲಿ ಒಬ್ಬ, ಸಖರಾಯಪಟ್ಟಣದವನು, ತಮ್ಮ ಜೊತೆ ಅಳತೆಯ ಸರಪಳಿ ಹಿಡಿದು ಓಡಾಡಿದ ಚೈನ್‌ಮನ್ ಮಗ, ಆದ್ದರಿಂದ ತಮ್ಮನ್ನು ಬಿಟ್ಟು ಬೇರೆಯವರನ್ನು ಹಾಕಿಕೊಳ್ಳಬಹುದು ಎಂದೂ ಬರೆದುಕೊಟ್ಟರು. ಎಲ್ಲರೂ ನಕ್ಕು ಸಹಿ ಹಾಕಿದರು. ಆಂಬುಲೆನ್ಸಿನ ವಿಷಯಕ್ಕೆ, “ಫೋನ್ ಹಾಕಿದ್ರೆ ಬತ್ತದೆ ಬಿಡಿ ಸಾರ್,” ಎಂದರು.

ಸೇಫ್ಟಿ ಗಾಡಿಯಾಗಿ ಬಂದದ್ದು ಕೆಮ್ಮಣ್ಣುಗುಂಡಿಯಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಓಡಾಡುವ ಒಂದು ಹಳೇ ಜೀಪು. ಶಾಮಿಯಾನದವರಿಂದ ತಂದ ಹಳದಿ ಲೈಟನ್ನು ಅದರ ನೆತ್ತಿಗೆ ಹಗ್ಗದಲ್ಲಿ ಕಟ್ಟಿದ್ದರು. ನಾನೂ ಅಂಗಡಿ ಮುಚ್ಚಿ ಹೋಗಿದ್ದೆ. ಬಿಸಿಲು, ಧೂಳು, ಕಡಲೆಕಾಯಿ ಮಾರುವವರು, ನೂರಾರು ಜನ.

ಎಂಟನೇ ಸುತ್ತಿನ ಹೊತ್ತಿಗೆ ಸಖರಾಯಪಟ್ಟಣದವನು ಮೊದಲು, ಮಂಜ ಎರಡನೆಯವನು. ಪ್ರತಿ ಸುತ್ತಿಗೂ ನಡುವಿನ ಅಂತರ ಕರಗುತ್ತಿತ್ತು. ನಾನು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಿದ್ದೆ. ಒಂಬತ್ತನೇ ಸುತ್ತಿನಲ್ಲಿ ಆಚೆ ತಿರುವಿನ ಹತ್ತಿರ ಹಿಂದಿನ ಸಾಲಿನ ಒಬ್ಬ ಬಿದ್ದ. ತರೀಕೆರೆಯಲ್ಲಿ ಟೈರ್ ಅಂಗಡಿ ಇಟ್ಟವನು. ಗಾಡಿ ಒಂದು ಕಡೆ, ಅವನು ಒಂದು ಕಡೆ. ನಾನು ನಿಂತದ್ದು ಅಲ್ಲಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ. ಅವನು ಅಲುಗಾಡಲಿಲ್ಲ.

ಸರ್ವೆ ಸಾರ್ ಸೀಟಿ ಊದಿದರು, ಜೀಪು ಇಳಿಯಿತು, ಗಾಡಿಗಳೆಲ್ಲ ಅದರ ಹಿಂದೆ ಸಾಲಾದವು. ಆ ಜೀಪಿನವನಿಗೋ ಘಾಟಿಯಲ್ಲಿ ಓಡಿಸಿ ಅಭ್ಯಾಸ, ಸಮತಟ್ಟು ಬಯಲಿನಲ್ಲೂ ಎತ್ತಿನಗಾಡಿಯ ವೇಗ. ಇತ್ತ ಜನ ತಿರುವಿಗೆ ನುಗ್ಗಿದರು. “ಎತ್ತಿ ಪಕ್ಕಕ್ಕೆ ಹಾಕ್ರಲೇ, ರೇಸ್ ನಡೀಲಿ!” ಇಬ್ಬರು ಅವನ ಕಂಕುಳಿಗೆ ಕೈ ಹಾಕಿಯೂ ಬಿಟ್ಟರು. ಆಗ ಬಂದರು ಇವರು, ಅರವತ್ತೆಂಟರ ಮುದುಕ, ಓಡಿಕೊಂಡು. ಕೊಡೆಯಲ್ಲಿ ಒಬ್ಬನ ಮುಂಗೈಗೆ ಹೊಡೆದೇಬಿಟ್ಟರು.

“ಮುಟ್ಬೇಡಿ! ಕತ್ತಿಗೆ ಏನಾಗಿದ್ಯೋ ಯಾರಿಗ್ ಗೊತ್ತು? ಆಂಬುಲೆನ್ಸ್ ಬರೋಗಂಟ ಒಬ್ರೂ ಮುಟ್ಬೇಡಿ!”

ಕೊಡೆ ಬಿಚ್ಚಿ ಬಿದ್ದವನ ಮುಖಕ್ಕೆ ನೆರಳು ಮಾಡಿ ನಿಂತರು. ಆಂಬುಲೆನ್ಸ್ ಅಜ್ಜಂಪುರದಿಂದ ಬರಬೇಕಿತ್ತು. ಅರ್ಧ ಗಂಟೆಯ ಮೇಲಾಯಿತು. ಅಷ್ಟರಲ್ಲಿ ಜೀಪಿನ ಹಿಂದೆ ಹತ್ತನೇ ಸುತ್ತು ಮುಗಿಯಿತು, ಹನ್ನೊಂದು ಮುಗಿಯಿತು, ಹನ್ನೆರಡೂ ಮುಗಿಯಿತು. ಸಖರಾಯಪಟ್ಟಣದವನ ಹಿಂದಿನ ಚಕ್ರಕ್ಕೆ ಮುಂದಿನ ಚಕ್ರ ತಾಗುವಷ್ಟು ಹತ್ತಿರದಲ್ಲಿ ಮಂಜ ಗೆರೆ ದಾಟಿದ. ಎರಡನೆಯವನಾಗಿ.

ಆಮೇಲೆ ಎದ್ದ ಗಲಾಟೆ ಏನು ಹೇಳಲಿ. “ಮಾರ್ಕೊಂಡ! ಚೈನ್‌ಮನ್ ಮಗನಿಗೆ ಗೆಲ್ಸ್ಬಿಟ್ಟ!” ಯಾರೋ ಎಸೆದ ನೀರಿನ ಬಾಟಲಿ ಕೊಡೆಗೆ ಬಡಿಯಿತು. ಅವರು ಕೊಡೆ ಸರಿಮಾಡಿ ಹಿಡಿದುಕೊಂಡರು, ಅಷ್ಟೇ. ನಾನು ಹತ್ತಿರ ಹೋಗಲಿಲ್ಲ. ನಿಜ ಹೇಳಬೇಕೆಂದರೆ, ನನಗೂ ಆ ಕ್ಷಣ ಒಂದು ಬಾಟಲಿ ಎಸೆಯಬೇಕೆನ್ನಿಸಿತ್ತು.

ತರೀಕೆರೆಯವನಿಗೆ ಏನಾಗಿತ್ತು ಎಂದು ಕೇಳುತ್ತೀರಿ. ಕಾಲರ್ ಬೋನ್ ಮುರಿದಿತ್ತು, ಅಷ್ಟೇ. ಕತ್ತಿಗೆ ಏನೂ ಇಲ್ಲ. ಬಿದ್ದ ಗಾಬರಿಗೆ ಎಚ್ಚರ ತಪ್ಪಿತ್ತಂತೆ. ನಾಲ್ಕನೇ ದಿನಕ್ಕೆ ಕೈಯನ್ನು ಜೋಳಿಗೆಯಲ್ಲಿಟ್ಟುಕೊಂಡು ಅಂಗಡಿಯಲ್ಲಿ ಕೂತಿದ್ದ. ಅವನ ಕತ್ತಿಗೆ ಪೆಟ್ಟಾಗಿದ್ದರೆ ಸರ್ವೆ ಸಾರ್ ದೇವರಾಗುತ್ತಿದ್ದರು. ಏನೂ ಆಗದೆ ಅವರು ಕಳ್ಳರಾದರು. ವಾಟ್ಸಾಪ್ ಗುಂಪಿನಲ್ಲಿ ಕೊಡೆ ಹಿಡಿದು ನಿಂತ ಅವರ ವಿಡಿಯೋಗೆ ಮದುವೆ ಬ್ಯಾಂಡಿನ ಸದ್ದು ಸೇರಿಸಿ ಹಂಚಿದರು. ನಾನೂ ನೋಡಿದೆ. ನಗು ಬಂತು, ನಕ್ಕೆ.

ರೇಸಿನ ಮರುದಿನ, ಸೋಮವಾರ, ಸರ್ವೆ ಸಾರ್ ಹತ್ತು ಗಂಟೆಗೆ ಎಂದಿನಂತೆ ಬಂದರು. ಅವರನ್ನು ಕಂಡು ಮಂಜ ರಸ್ತೆ ದಾಟಿಕೊಂಡು ಬಂದ, ಕೈಯಲ್ಲಿ ಸ್ಪ್ಯಾನರ್ ಹಿಡಿದವನು ಹಾಗೇ.

“ಏನೂ ಆಗ್ಲಿಲ್ವಲ್ಲ ಸಾರ್ ಅವನಿಗೆ!”

“ಆಗ್ಲಿಲ್ಲ ಅಂತ ಗೊತ್ತಾಗಿದ್ದು ಸಂಜೆ ಕಣಪ್ಪ. ನಾನು ತೀರ್ಮಾನ ಮಾಡಿದ್ದು ಹನ್ನೊಂದೂವರೆಗೆ.”

“ಎರಡು ಸುತ್ತು ಸಿಕ್ಕಿದ್ರೆ ಸಾಕಿತ್ತು ನಂಗೆ. ಮೆರವಣಿಗೆ ಮಾಡ್ಬಿಟ್ರಿ. ಮೆರವಣಿಗೆ ಅಂತ ಟೀವಿಯೋರಿಗೆ ಬೈದೋರು ನೀವೇ ಅಲ್ವಾ? ಮಾರ್ಕೊಂಡಿದಾರೆ ಅಂದೋರು ನೀವೇ ಅಲ್ವಾ?”

ಅವರು ಕೊಡೆಯನ್ನು ಟೇಬಲ್ಲಿಗೆ ಒರಗಿಸಿದರು. “ಬೈದಿದ್ದೆ. ಅಲ್ಲಿ ಬಿದ್ದೋನ ಮುಖ ನಂಗೆ ಕಾಣ್ತಿರ್ಲಿಲ್ಲ ಕಣೋ,” ಎಂದರು.

ಮಂಜ ಸ್ಪ್ಯಾನರನ್ನು ನನ್ನ ಟೇಬಲ್ಲಿನ ಮೇಲೆ ಕುಕ್ಕಿ ಹೊರಟುಹೋದ. ಅದರ ಗುರುತು ಇನ್ನೂ ಇದೆ. ಸರ್ವೆ ಸಾರ್ ಕ್ಯಾಲೆಂಡರ್ ಹಾಳೆ ಬಿಚ್ಚಿದರು. ಆವತ್ತು ಬರೆಸಿದ್ದು ಬುಕ್ಕಾಂಬುಧಿ ದಾರಿಯ ಬಯಲಿನ ಮಹಜರು. ‘ಸದರಿ ಸ್ಥಳಕ್ಕೆ ಪೂರ್ವಕ್ಕೆ ಜಾಲಿ ಪೊದೆ, ಪಶ್ಚಿಮಕ್ಕೆ ಜನರ ಗುಂಪು, ಉತ್ತರಕ್ಕೆ ಮಣ್ಣಿನ ದಿಬ್ಬ, ದಕ್ಷಿಣಕ್ಕೆ ಬಿದ್ದ ಗಾಡಿ. ಇವುಗಳ ಮಧ್ಯೆ ಒಬ್ಬ ಮನುಷ್ಯನು ಅಲುಗಾಡದೆ ಮಲಗಿದ್ದನು. ಆಂಬುಲೆನ್ಸ್ ಬರುವವರೆಗೆ ದಾರಿ ತೆರವಾಗಿರಲಿಲ್ಲ ಎಂಬುದನ್ನು ಪಂಚರಾದ ನಾವು ಕಣ್ಣಾರೆ ಕಂಡಿರುತ್ತೇವೆ.’ ತಾವು ಸರಿ ಎಂದಾಗಲಿ, ಜನ ತಪ್ಪು ಎಂದಾಗಲಿ ಒಂದು ಮಾತೂ ಇರಲಿಲ್ಲ. ಕೆಳಗೆ ಐದು ಗೆರೆ.

“ಹಾಕಮ್ಮ,” ಎಂದು ಪೆನ್ನು ಚಾಚಿದರು.

“ತಮ್ಮ ಏನಂತಾನೋ ಸಾರ್. ಮನೇಲಿ ಮುಖ ನೋಡ್ಬೇಕಲ್ಲ.”

“ನೀನು ಅಲ್ಲಿದ್ಯಲ್ಲಮ್ಮ?”

“ಇದ್ದೆ.”

“ನೋಡ್ದೆ ತಾನೇ?”

“ನೋಡ್ದೆ.”

“ಮತ್ತೆ?”

ನಾನು ಜೆರಾಕ್ಸ್ ಮೆಷಿನ್ ಕಡೆ ತಿರುಗಿ ಪೇಪರ್ ತುಂಬತೊಡಗಿದೆ. ತುಂಬಿದ್ದ ಟ್ರೇಗೇ ಮತ್ತೆ ತುಂಬಿದೆ. ಏಳು ವರ್ಷ ನಾನು ಕಾಣದ ದೇಶಗಳ, ಕೇಳದ ಊರುಗಳ ಅಪಘಾತಕ್ಕೆಲ್ಲ ಕಣ್ಣಾರೆ ಕಂಡೆನೆಂದು ಸಹಿ ಹಾಕಿಕೊಟ್ಟವಳು ನಾನು. ನಿಜವಾಗಿ ಕಣ್ಣಾರೆ ಕಂಡ ಒಂದೇ ಒಂದಕ್ಕೆ ಹಾಕಲಿಲ್ಲ.

ಅದಾದ ಮೇಲೆ ಎರಡು ಸೋಮವಾರ ಬಂದು, “ಸಹಿ?” ಎಂದಷ್ಟೇ ಕೇಳಿದರು. ಟೀ ಅಂಗಡಿಯವನನ್ನೂ ಕೇಳಿದರಂತೆ. ಅವನಿಗೆ ವ್ಯಾಪಾರದ ಭಯ. ಬೇರೆಯವರಿಗೆ ನಗು. ಮೂರನೇ ಸೋಮವಾರ ಬರಲಿಲ್ಲ. ದಾರಿಯಲ್ಲಿ ಸಿಕ್ಕಾಗ, ರೇಸು ನೋಡಿದಿರಾ ಸಾರ್ ಎಂದು ನಾನೇ ಮೇಲೆ ಬಿದ್ದು ಕೇಳಿದೆ. “ನೋಡ್ತೀನಮ್ಮ. ಆದ್ರೆ ಬೈಯೋಕೆ ಬಾಯಿ ಬರಲ್ಲ ಈಗ,” ಎಂದು ಕೊಡೆ ಊರಿಕೊಂಡು ಹೋದರು. ನನಗೆ ಅವರ ಮೇಲೆ ಸಿಟ್ಟು ಬಂತು. ಇನ್ನೊಂದು ಸಲ ಕೇಳಬಾರದಿತ್ತೇ? ಇನ್ನೊಂದೇ ಸಲ ಕೇಳಿದ್ದರೆ ಹಾಕಿಬಿಡುತ್ತಿದ್ದೆನೇನೋ. ಮೂರು ವರ್ಷ ಅವರೇ ಕೇಳಲಿ ಎಂದು ನಾನು ಕಾದೆ. ನಾನೇ ಪೆನ್ನು ಹಿಡಿದು ಅವರ ಮನೆಗೆ ಹೋಗಬಹುದಿತ್ತು ಎಂದು ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆದಿತ್ತು, ಹೋಗಲಿಲ್ಲ. ಮಂಜನನ್ನು ಆ ತಂಡದವರು ಕರೆಯಲಿಲ್ಲ. ಅವನ ಗಾಡಿ ಗ್ಯಾರೇಜಿನ ಮೂಲೆಯಲ್ಲಿ ಟಾರ್ಪಾಲಿನ ಕೆಳಗೆ ನಿಂತಿತು.

ಹೋದ ವಾರ ಅವರ ಮಗಳು ಅಂಗಡಿಗೆ ಬಂದಿದ್ದಳು, ಅಪ್ಪನ ಮರಣ ಪ್ರಮಾಣಪತ್ರದ ಹತ್ತು ಜೆರಾಕ್ಸ್ ಬೇಕೆಂದು. ಕೊಟ್ಟೆ. ಹೊರಡುವಾಗ ಬ್ಯಾಗಿನಿಂದ ಒಂದು ಫೈಲು ತೆಗೆದು, “ಇದ್ರ ಮೇಲೆ ನಿಮ್ಮ ಅಂಗಡಿ ಹೆಸರು ಬರ್ದಿದಾರೆ ಅಕ್ಕ,” ಎಂದು ಟೇಬಲ್ಲಿನ ಮೇಲಿಟ್ಟು ಹೋದಳು. ಅಂಗಡಿಯ ಹೆಸರಿನ ಕೆಳಗೆ ಅದೇ ಮುತ್ತಿನಂಥ ಅಕ್ಷರ: ‘ಪಂಚರ ಸಹಿಗೆ ಬಾಕಿ.’

ಒಳಗೆ ನಾನು ಟೈಪ್ ಮಾಡಿದ ಅದೇ ಹಾಳೆ, ಅದೇ ಐದು ಖಾಲಿ ಗೆರೆ. ಆದರೆ ಗೆರೆಗಳಿಗಿಂತ ಮೇಲೆ ಕೈಬರಹದಲ್ಲಿ ನಾಲ್ಕು ಸಾಲು ಹೆಚ್ಚಿಗೆ ಇತ್ತು. ಪಕ್ಕದಲ್ಲಿ ಅವರ ಸಣ್ಣ ಸಹಿ ಮತ್ತು ತಾರೀಖು, ರೇಸು ಮುಗಿದು ಒಂದು ತಿಂಗಳ ಮೇಲಿನದು. ಆಮೇಲೆ ಸೇರಿಸಿದ್ದಕ್ಕೆ ಆಮೇಲಿನ ತಾರೀಖೇ ಇರಬೇಕು ಎಂಬುದು ಅವರ ಹಠ. ಓದಿದೆ. ಓದಿ ಮಂಜನನ್ನು ಕೂಗಿದೆ.

ಅವನು ಗ್ರೀಸಿನ ಕೈ ಒರೆಸಿಕೊಳ್ಳುತ್ತ ಬಂದು, ಫೈಲು ನೋಡಿದ್ದೇ ಮುಖ ಬಿಗಿದುಕೊಂಡ. “ಈಗ್ಯಾಕಕ್ಕ ಅದು?”

“ಓದೋ,” ಎಂದೆ.

ಅವನು ನಿಂತೇ ಓದಿದ. ‘ತರುವಾಯ ಸೇರಿಸಿದ್ದು. ಸೇಫ್ಟಿ ಗಾಡಿ ಇಳಿಯುವ ಹೊತ್ತಿಗೆ ಎರಡನೇ ಸ್ಥಾನದಲ್ಲಿದ್ದ ಕಡೂರಿನ ಸವಾರನು ಪ್ರತಿ ಸುತ್ತಿಗೂ ಮುಂದಿನವನಿಗೆ ಹತ್ತಿರವಾಗುತ್ತಿದ್ದನು. ಉಳಿದ ಸುತ್ತುಗಳು ನಡೆದಿದ್ದರೆ ಅವನೇ ಗೆಲ್ಲುತ್ತಿದ್ದನೆಂಬುದು ನನ್ನ ನಂಬಿಕೆ. ನನ್ನ ತೀರ್ಮಾನದಿಂದ ಅವನಿಗೆ ನಷ್ಟವಾಗಿದೆ. ತೀರ್ಮಾನ ಬದಲಿಸಲು ಕಾರಣ ಕಂಡುಬರುವುದಿಲ್ಲ.’

ಎರಡನೇ ಸಲ ಓದಿದ. ಹೊರಗೆ ಯಾರೋ ಪಹಣಿ ಎಂದರು, ಸ್ವಲ್ಪ ತಡೀರಿ ಎಂದೆ.

“ಗೆಲ್ತಿದ್ದೆ ಅಂತ ಬರ್ದವ್ರಲ್ಲಕ್ಕ,” ಎಂದ. “ಕೊನೇ ಸಾಲೊಂದು ಬರೀದೆ ಇದ್ದಿದ್ರೆ ಏನ್ ಗಂಟು ಹೋಗ್ತಿತ್ತು ಇವ್ರಿಗೆ?”

“ಅದನ್ನ ಬರೀದೆ ಇದ್ದಿದ್ರೆ ಅವ್ರು ಅವ್ರೇ ಆಗ್ತಿರ್ಲಿಲ್ಲ,” ಎಂದೆ.

ಮೊದಲನೇ ಗೆರೆಯ ಮೇಲೆ ನಾನು ಸಹಿ ಹಾಕಿದೆ. ಪೆನ್ನು ಮಂಜನಿಗೆ ಕೊಟ್ಟೆ. ಅವನು ಹಾಳೆಗೆ ಗ್ರೀಸ್ ತಾಗದಂತೆ ಮುಂಗೈ ಎತ್ತಿ ಹಿಡಿದು ಎರಡನೇ ಗೆರೆಯ ಮೇಲೆ ತನ್ನ ಪೂರ್ತಿ ಹೆಸರು ಬರೆದ. ಬರೆದು, ಪೆನ್ನು ಹಿಡಿದೇ ಕೇಳಿದ.

“ತಾರೀಖು ರೇಸಿನ ದಿನದ್ದೇ ಹಾಕ್ಬಿಡ್ಲಾ?”

ನನಗೆ ಎಲ್ಲಿಲ್ಲದ ಸಿಟ್ಟು ಬಂತು.

“ಇವತ್ತಿಂದೇ ಹಾಕೋ. ನಾವು ಮೂರು ವರ್ಷ ತಡ ಮಾಡಿದ್ದೂ ಅದ್ರಲ್ಲಿ ಬರ್ಲಿ.”

ಅವನು ಇವತ್ತಿನ ತಾರೀಖು ಹಾಕಿದ.